ಮಿಲ್ಲಿಗಿಷ್ಟು, ಸ್ಟುಡಿಯೋಗಿಷ್ಟು

ಕಂಪ್ಲಿಯ ಶರಣಪ್ಪ ಸಾವ್ಕಾರ್ರ ಫೋನು ಬಂದಾಗ ನಾನು ಹೊಸಪೇಟೆಯ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕೂತಿದ್ದೆ.

"ಏನವ್ವ ಶೈಲಾ, ಕಾಟಾದ ಮ್ಯಾಲ ಲಾರಿ ನಿಂತೈತಿ, ತೂಕದ ಚೀಟಿನ ಬರವಲ್ದು. ಮೋಡ ಬ್ಯಾರೆ ಆಗೈತಿ. ಭತ್ತ ತೊಯ್ದ್ರ ರೈತರು ನನ್ನ ಬಿಡ್ತಾರೇನು?"

ಮಿರ್ಚಿ ಅಲ್ಲೇ ಬಿಟ್ಟು ಎದ್ದೆ.

ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ಸರ್ವರ್ ಇದೆ. ಅದರೊಳಗೇ ಎರಡು ವರ್ಚುವಲ್ ಸರ್ವರ್ ಮಾಡಿ, ಒಂದನ್ನು ಸಾವ್ಕಾರ್ರ ಅಕ್ಕಿ ಮಿಲ್ಲಿಗೆ, ಇನ್ನೊಂದನ್ನು ಫೋಟೋ ಸ್ಟುಡಿಯೋ ಇಟ್ಟಿರುವ ವಿರೂಪಾಕ್ಷಿಗೆ ಕೊಟ್ಟಿದ್ದೇನೆ. ಒಂದು ಮನೆ, ಎರಡು ಬಾಡಿಗೆಯವರು, ಮೇಲೆ ಒಂದೇ ನೀರಿನ ಟ್ಯಾಂಕು ಅಂದುಕೊಳ್ಳಿ.

ಯಾರಿಗೆ ಎಷ್ಟು ಡಿಸ್ಕ್ ಜಾಗ ಅಂತ ಲಿಮಿಟ್ ಹಾಕಿರಲಿಲ್ಲ. ಇಬ್ಬರೂ ನಮ್ಮವರೇ, ಅವರಿಗೆಂಥ ಲಿಮಿಟ್ ಅನ್ನುವ ಧಾರಾಳತನ ನನ್ನದು.

ನೋಡಿದರೆ ಡಿಸ್ಕ್ ಭರ್ತಿ. ತೂಕದ ಲೆಕ್ಕ ಸರ್ವರಿನಲ್ಲಿ ಬರೆದಿಟ್ಟ ಮೇಲಷ್ಟೇ ಮಿಲ್ಲಿನಲ್ಲಿ ಚೀಟಿ ಬರುವುದು, ಬರೆಯಲು ಜಾಗವೇ ಇಲ್ಲ. ಎಲ್ಲವನ್ನೂ ವಿರೂಪಾಕ್ಷಿಯ ವಿಡಿಯೋಗಳು ನುಂಗಿ ಕೂತಿವೆ.

ಅವನೋ ಹಂಪಿಯಲ್ಲಿ ಯಾವುದೋ ಜೋಡಿಯ ಶೂಟಿಂಗ್‌ನಲ್ಲಿದ್ದಾನೆ. ಯಾವ ಬಂಡೆಯ ಸಂದಿಯಲ್ಲಿ ಹೊಕ್ಕಿದ್ದಾನೋ, ಫೋನು ಹತ್ತುತ್ತಿಲ್ಲ.

ಸಾವ್ಕಾರ್ರಿಗೆ ವಿಷಯ ಹೇಳಿದೆ. ಸಿಡುಕಿದರು.

"ಯಾವನದೋ ಮದುವಿ ವಿಡಿಯೋಕ್ಕ ನನ್ನ ಮಿಲ್ಲು ನಿಲ್ಲಬೇಕೇನು? ಅಳಿಸಿ ಒಗಿ ಜಲ್ದಿ."

ಅವನನ್ನು ಕೇಳದೆ ಅಳಿಸುವ ಹಾಗಿಲ್ಲ. ಆದರೂ ಇಷ್ಟು ಜಾಗ ತಿಂದ ಆ ಮದುವೆ ಯಾವುದಪ್ಪಾ ಅಂತ ಫೋಲ್ಡರ್ ತೆರೆದೆ... ಅಷ್ಟು ಗಾಬರಿಯಲ್ಲೂ ನಗು ಬಂತು.

"ಸಾವ್ಕಾರ್ರ, ಇದು ನಿಮ್ಮ ಗಂಗಾನ ಮದುವೀರಿ."

ಅರಿಶಿನ ಹಚ್ಚುವುದರಿಂದ ಹಿಡಿದು ಮಗಳನ್ನು ಗಂಡನ ಮನೆಗೆ ಕಳಿಸುವವರೆಗೆ ಒಂದೂ ಬಿಡಬಾರದು ಅಂತ ಡ್ರೋನ್ ಹಾರಿಸಿ ತೆಗೆಸಿದವರು ಇವರೇ.

ಮಿಲ್ಲಿನ ಪಕ್ಕದಲ್ಲೇ ಅವರ ಮನೆ. ಯಾವಾಗ ಬಂದು ನಿಂತಿದ್ದರೋ, ಫೋನಿನಲ್ಲಿ ಈಗ ಅವರ ಹೆಂಡತಿಯ ದನಿ.

"ಶೈಲಾ, ಅದನ್ನ ಮುಟ್ಟಬ್ಯಾಡವ್ವ. ಗಂಗಾ ಇನ್ನಾ ನೋಡೇ ಇಲ್ಲ."

ಅಲ್ಲಿಗೆ ಮಾತು ಮುಗಿಯಿತು. ಸಾವ್ಕಾರ್ರು ಪೆನ್ನು ಹಿಡಿದು ಕಾಟಾದ ಪಕ್ಕ ಕುರ್ಚಿ ಹಾಕಿಸಿಕೊಂಡು ತಾವೇ ಚೀಟಿ ಬರೆಯತೊಡಗಿದರು. ಮೆಟ್ರಿ ಊರಿನಿಂದ ಭತ್ತ ತಂದಿದ್ದ ರೈತರೊಬ್ಬರು, "ಸಾವ್ಕಾರ್ರ, ಮಗಳ ಮದುವಿ ಇನ್ನಾ ಮುಗಿದಿಲ್ಲೇನ್ರಿ?" ಅಂತ ಕಾಲೆಳೆದರಂತೆ.

ಮಳೆ ಬೀಳುವ ಹೊತ್ತಿಗೆ ಭತ್ತವೆಲ್ಲ ಶೆಡ್ಡಿನೊಳಗಿತ್ತು. ಸುದ್ದಿ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ವಿರೂಪಾಕ್ಷಿ ಸಿಕ್ಕ. "ಅಕ್ಕಾ, ಒಂದು ಹೋದ್ರ ಇನ್ನೊಂದಿರ್ಲಿ ಅಂತ ಆ ಮದುವಿನ ಎರಡು ಸಲ ಹಾಕೀನಿ" ಅಂದ. ಎರಡೂ ಅದೇ ಡಿಸ್ಕಿನಲ್ಲಿ!

"ಲೇ, ಡಿಸ್ಕ್ ಹೋದ್ರ ಎರಡೂ ಹೋಗ್ತಾವಲ್ಲೋ" ಅಂತ ಬೈದೆ. ಒಂದನ್ನು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ಇಲ್ಲಿಂದ ಅಳಿಸಿದ. ಮಿಲ್ಲಿನ ಚೀಟಿ ಮತ್ತೆ ಶುರುವಾಯಿತು.

ಮರುದಿನ ಇಬ್ಬರಿಗೂ ಹೇಳಿ ಲಿಮಿಟ್ ಹಾಕಿದೆ. ಸ್ಟುಡಿಯೋಗೆ ದೊಡ್ಡ ಪಾಲು, ಮಿಲ್ಲಿಗೆ ಸಣ್ಣದು, ಸರ್ವರ್ ಉಸಿರಾಡಲು ಸ್ವಲ್ಪ ಖಾಲಿ. ಇನ್ನು ಯಾರ ಪಾಲು ತುಂಬಿದರೂ ಅವರ ಕೆಲಸ ಮಾತ್ರ ನಿಲ್ಲಬೇಕು, ಪಕ್ಕದವರದಲ್ಲ.

ವಿರೂಪಾಕ್ಷಿ ಮುಖ ಊದಿಸಿಕೊಂಡ. ಸಾವ್ಕಾರ್ರು ಮಾತ್ರ ನಕ್ಕುಬಿಟ್ಟರು.

"ಕಾಲುವಿ ನೀರಿದ್ದಂಗ ಬಿಡವ್ವ. ಮ್ಯಾಲಿನವ್ರು ಎಲ್ಲಾ ಕಟ್ಟಿಕೆಂಡ್ರ ಕೆಳಗಿನವ್ರ ಗದ್ದಿಗೆ ಏನು ಬರ್ತೈತಿ?"

ಮೊನ್ನೆ ಕಂಪ್ಲಿಗೆ, ಸಾವ್ಕಾರ್ರ ಮನೆಗೆ ಹೋಗಿದ್ದೆ. ಗಂಗಾ ತವರಿಗೆ ಬಂದಿದ್ದಾಳೆ. ತಾಯಿ ಮಗಳು ಲ್ಯಾಪ್‌ಟಾಪ್ ಮುಂದೆ ಕೂತು, ತಮ್ಮದೇ ಅಳು ನೋಡಿ ಬಿದ್ದು ಬಿದ್ದು ನಗುತ್ತಿದ್ದಾರೆ.

ಅಷ್ಟರಲ್ಲಿ ವಿರೂಪಾಕ್ಷಿಯ ಫೋನು. "ಅಕ್ಕಾ, ನಂದು ಡಿಸ್ಕ್ ತುಂಬೇತಿ. ಹೊಸ ಮದುವಿ ಹಿಡಿಸವಲ್ದು."

ನಾನು ತಟ್ಟನೆ ಕಿಟಕಿಯ ಹೊರಗೆ ನೋಡುತ್ತೇನೆ. ಭತ್ತದ ಲಾರಿ ಕಾಟಾ ಹತ್ತುತ್ತಿದೆ... ಹತ್ತಿತು... ಚೀಟಿ ಸರ್ರನೆ ಹೊರಗೆ ಬಂತು.

ಡಿಸ್ಕ್ ತುಂಬಿತು ಅನ್ನುವ ಮಾತು ಕೇಳಿ ಎದ್ದು ಕುಣಿಯಬೇಕು ಅನ್ನಿಸಿದವರು ನಿಮ್ಮಲ್ಲಿ ಇನ್ನ್ಯಾರಾದರೂ ಇದ್ದೀರಾ?