ಮೂರನೆಯ ಗಾಡಿಯ ಆಯುಧಪೂಜೆ

ಒಂದೇ ಹೆಸರಿನ ಗಾಡಿ ನಮ್ಮ ಮನೆಗೆ ಮೂರು ಸಲ ಬಂದಿದೆ. ಹೆಸರು ಅದೇ, ಸ್ವಭಾವ ಮಾತ್ರ ಬೇರೆ ಬೇರೆ.

ಮೊದಲನೆಯದು, ಕೆ.ಆರ್. ಪೇಟೆಯಲ್ಲಿ ಯಾರೋ ಓಡಿಸಿ ಬಿಟ್ಟಿದ್ದನ್ನು ಅಪ್ಪ ಕೊಂಡು ತಂದದ್ದು. ಹಿಂದೆ ಎದುರುಬದುರು ಬೆಂಚು, ಮುಂದೆ ಕಬ್ಬಿಣದ ಬಂಪರು. ಅದು ಯಾರಿಗೂ ಹೆದರುತ್ತಿರಲಿಲ್ಲ. ಎಮ್ಮೆಗಳೇ ಅದಕ್ಕೆ ಹೆದರುತ್ತಿದ್ದವು. ಎರಡನೆಯದರಲ್ಲಿ ಬೆಂಚುಗಳು ಮುಂದಕ್ಕೆ ತಿರುಗಿ ಸೀಟುಗಳಾಗಿದ್ದವು, ಎಸಿ ಬಂದಿತ್ತು, ಹಿಂದಕ್ಕೆ ತೆಗೆಯುವಾಗ ಮಾತ್ರ ಅದು ಸಣ್ಣಗೆ ಕುಂಯ್‌ಗುಡುತ್ತಿತ್ತು. ಮೂರನೆಯದಕ್ಕೆ ಮೈಯೆಲ್ಲ ಸೆನ್ಸಾರಿನ ಕಣ್ಣು. ಪಕ್ಕದಲ್ಲಿ ಕೋಳಿ ಹಾದರೂ ಬಾಯಿ ಬಡಿದುಕೊಳ್ಳುತ್ತದೆ. ತಲೆಮಾರು ಕಳೆದಂತೆ ಅದು ಥೇಟ್ ನನ್ನ ಹಾಗೇ ಆಗಿಬಿಟ್ಟಿದೆ.

ನಾನು ಇದನ್ನು ಪಿತೃಪಕ್ಷದಲ್ಲಿ ಕೊಂಡೆ. ಆಗ ಯಾರೂ ಗಾಡಿ ಕೊಳ್ಳುವುದಿಲ್ಲವಾದ್ದರಿಂದ ರಿಯಾಯಿತಿ ಜಾಸ್ತಿ. ಎಡೆ ಇಡುವ ದಿನಗಳಲ್ಲಿ ಬಂದ ಗಾಡಿಗೆ ಆಯುಧಪೂಜೆ ಆಗುವವರೆಗೂ ಹತ್ತುವುದಿಲ್ಲವೆಂದು ಅವ್ವ ಕೂತಳು. ದೇವಲಾಪುರದಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ, ಬಿದ್ದು ಸೊಂಟ ನೋಯಿಸಿಕೊಂಡು ಮಲಗಿದ್ದಳು. ಅವ್ವನ ಮಂಡಿಗೆ ಬಸ್ಸು ಆಗದು. ಹಬ್ಬದ ದಿನ ಪೂಜೆ ಮುಗಿಸಿ ಬಂದೇ ಬರುತ್ತೇನೆಂದು ಫೋನಿನಲ್ಲಿ ಮಾತು ಕೊಟ್ಟಿದ್ದಳು.

ಹಬ್ಬದ ಬೆಳಿಗ್ಗೆ ಚಿಕ್ಕಪ್ಪ ಮುಂಭಾಗದ ಎರಡೂ ಮೂಲೆಗೆ ಬಾಳೆಕಂದು ಬಿಗಿದ. ನಡುವೆ ಚೆಂಡುಹೂವಿನ ಹಾರ, ಗಾಜಿನ ಮೇಲೆ ವಿಭೂತಿ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟಾಯಿತು. ನಮ್ಮ ಮನೆಯಲ್ಲಿ ಗಾಡಿ ಅವನ್ನು ಒಂದೇ ಸಲಕ್ಕೆ ದಾಟಬೇಕು. ತಡೆದು ನಿಂತರೆ ಆ ದಿನ ಪ್ರಯಾಣವಿಲ್ಲ.

ಚಾಲೂ ಮಾಡಿ ಗೇರು ಹಾಕಿದ್ದೇ ತಡ, ಗಾಡಿ ಒಂದೇ ಸಮನೆ ಅರಚತೊಡಗಿತು. ಪರದೆಯೆಲ್ಲ ಕೆಂಪು. ಅದು ಉರುಳುವ ಮೊದಲೇ ಬ್ರೇಕು ಅದುಮಿದೆ.

“ಯಾಕ್ಲಾ?” ಎಂದ ಚಿಕ್ಕಪ್ಪ.

ಮುಂದೆ ಏನೋ ಅಡ್ಡ ಇದೆ ಅನ್ನುತ್ತಿದೆ ಎಂದೆ.

“ಅಡ್ಡ ಅಲ್ಲ ಕಣ್ಲಾ, ಬಾಳೆಕಂದು. ನಾನೇ ಕಟ್ಟಿದ್ದು, ಹೇಳು ಅದ್ಕೆ.”

ಕಂದು ಬಿಚ್ಚೋಣವೆಂದೆ. ಚಕ್ರ ಉರುಳುವ ಮುಂಚೆ ಕಟ್ಟಿದ್ದನ್ನು ಬಿಚ್ಚಿದವರು ನಮ್ಮ ವಂಶದಲ್ಲೇ ಇಲ್ಲವಂತೆ. ಗಾಡಿ ತಾನಾಗಿ ಬ್ರೇಕು ಹಾಕಿಕೊಂಡು ನಿಂಬೆಹಣ್ಣಿನ ಮೇಲೇ ನಿಂತರೆ ಗತಿಯೇನೆಂದು ನನಗೆ ಬೆವರು. ಸದ್ದು ಅಡಗಿಸಲು ಸಿಕ್ಕ ಗುಂಡಿ ಒತ್ತಿದೆ. ತಲೆಯ ಮೇಲಿನ ಚಾವಣಿ ತೆರೆದುಕೊಂಡಿತು.

“ಆಕಾಸ ತೋರ್ಸಿದ್ದು ಸಾಕು, ನೆಲದ ಮ್ಯಾಲೆ ನಡ್ಸು,” ಎಂದ ಚಿಕ್ಕಪ್ಪ.

ನಾನು ನಗಲಿಲ್ಲ. ಅವ್ವನ ಮುಖ ಸಣ್ಣಗಾಗಿತ್ತು. ಈಗ ಅವಳು ಒಳಗೆ ಹೋಗಿ ಕೂತರೆ ದೇವಲಾಪುರದ ಸುದ್ದಿಯನ್ನೇ ಮತ್ತೆ ಎತ್ತುವುದಿಲ್ಲವೆಂದು ನನಗೆ ಗೊತ್ತಿತ್ತು.

ಅವ್ವ ಆರತಿ ತಟ್ಟೆಯನ್ನು ಜಗಲಿಯ ಮೇಲಿಟ್ಟು ಸೀದಾ ಬಂದು ಮುಂದಿನ ಬಾಗಿಲು ತೆಗೆದಳು. ಕಂಬಿ ಹಿಡಿದು, ಮಂಡಿ ಎತ್ತಲು ಎರಡು ಸಲ ಉಸಿರು ಬಿಟ್ಟು, ನಿಂಬೆಹಣ್ಣು ಒಡೆಯುವ ಮೊದಲೇ ಹತ್ತಿ ಕೂತುಬಿಟ್ಟಳು. ಬೆಲ್ಟು ಹಾಕಿಲ್ಲವೆಂದು ಗಾಡಿ ಇನ್ನೊಂದು ರಾಗ ತೆಗೆಯಿತು.

“ಕೂಗ್ಕೊಳ್ಳಲಿ ಬುಡು. ನಿಮ್ಮಪ್ಪ ಜೀವ್ಮಾನೆಲ್ಲ ಕೂಗಾಡುದ್ರು, ನಾನೇನ್ ಸಂಸಾರ ನಿಲ್ಲಿಸ್ಬುಟ್ನಾ? ನಡೀಲಾ, ಅಕ್ಕ ಕಾಯ್ತಾ ಅವ್ಳೆ.”

ಕಣ್ಣು ಮುಚ್ಚಿ ಬ್ರೇಕು ಬಿಟ್ಟೆ. ಪಚಕ್ಕೆಂದಿತು. ಗಾಡಿ ಎಲ್ಲೂ ನಿಲ್ಲಲಿಲ್ಲ.

ದಾರಿಯಲ್ಲಿ ಅವ್ವನಿಗೆ ಬೆಲ್ಟು ಹಾಕಿಸಿದೆ. ನಾಗಮಂಗಲದ ರಸ್ತೆಗೆ ಬಿದ್ದು ವೇಗ ಹಿಡಿದಾಗ ಉಳಿದ ಕೂಗೂ ತಾನಾಗಿ ನಿಂತಿತು. ಕಂದುಗಳು ಇನ್ನೂ ಮುಂದೆಯೇ ಇದ್ದವು. ಹಾಗಾದರೆ ಯಾಕೆ ಸುಮ್ಮನಾಯಿತು? ಕೆಟ್ಟಿತೇ? ವೇಗ ಇಳಿಸಿ ನೋಡಿದೆ, ಕೂಗಿತು, ನೆಮ್ಮದಿಯಾಯಿತು. ಹೀಗೆ ನೆಮ್ಮದಿ ಪಡೆಯುತ್ತ ಪಡೆಯುತ್ತ ತಲುಪುವಷ್ಟರಲ್ಲಿ ದೊಡ್ಡವ್ವನ ಮನೆಯವರು ಹಬ್ಬದೂಟ ಮುಗಿಸಿದ್ದರು. ಅವ್ವ ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ ಅಕ್ಕನ ಮಂಚದ ಮೇಲೇ ಕೂತಳು. ನಾನು ಹೊರಗೆ ಬಾಳೆಕಂದು ಬಿಚ್ಚುತ್ತ ನಿಂತೆ.