ಗೇಟಿನಲ್ಲಿ ಆರಿಹೋದ ಫಿಯಟ್ಟು

ಅರಸೀಕೆರೆಯ ಹುಳಿಯಾರು ರಸ್ತೆಯಲ್ಲಿ ಕೊಬ್ಬರಿ ಗೋದಾಮುಗಳ ಸಾಲು ಮುಗಿಯುವ ಕಡೆ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಹಳೆಯ ಕಾರು, ಹಳೆಯ ಜೀಪು ಇಟ್ಟುಕೊಂಡವರಿಗೆ ‘ನಟರಾಜನ ಶೆಡ್ಡು’ ಎಂದರೆ ಸಾಕು, ಕಣ್ಣು ಕಟ್ಟಿ ಬಿಟ್ಟರೂ ಬಂದು ಸೇರುತ್ತಾರೆ.

ನಟರಾಜ ಒಂದು ಕಡೆ ಕೂರುವ ಆಸಾಮಿಯಲ್ಲ. ಟೀಯನ್ನು ನಿಂತೇ ಕುಡಿಯುತ್ತಾನೆ. ಉಣ್ಣುವಾಗ ಎಡಗೈ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿರುತ್ತವೆ. ಅವನ ತಾಯಿ ಚಲುವಮ್ಮ ಇದಕ್ಕೆ ತನ್ನದೇ ಕಾರಣ ಕೊಡುತ್ತಾಳೆ: “ಹುಟ್ಟೋವಾಗ್ಲೇ ಗೇಟು ತೆಗೆಯೋಗಂಟ ಕಾಯ್ದೋನಲ್ಲ ಇವ್ನು.”

ಅದು ಸುಳ್ಳಲ್ಲ. ಚಲುವಮ್ಮ ಹಾರನಹಳ್ಳಿಯಲ್ಲಿ ತುಂಬಿದ ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ನೋವು ಬಂತು. ಗಂಡ ದ್ಯಾವಯ್ಯ ಯಾರದೋ ತೋಟದಲ್ಲಿ ಕಾಯಿ ಕೀಳಲು ಮರದ ಮೇಲಿದ್ದ. ಊರಿನ ನರ್ಸು ರುಕ್ಮಿಣಮ್ಮ ತಮ್ಮ ಫಿಯಟ್ ಕಾರಿನ ಹಿಂದಿನ ಸೀಟಿನಲ್ಲಿ ಚಲುವಮ್ಮನನ್ನು ಮಲಗಿಸಿಕೊಂಡು ಅರಸೀಕೆರೆಯ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ದಾಟಿ ಮುಗಿಯುವಷ್ಟರಲ್ಲಿ ನಟರಾಜ ಹುಟ್ಟಿಬಿಟ್ಟಿದ್ದ. ಅಷ್ಟು ಹೊತ್ತೂ ಎಂಜಿನ್ ಗುರುಗುರು ಎನ್ನುತ್ತಲೇ ಇತ್ತಂತೆ. “ಜೋಗುಳದ ಹಾಗಿತ್ತು ಕಣೋ,” ಎಂದು ರುಕ್ಮಿಣಮ್ಮ ಇಂದಿಗೂ ಹೇಳುತ್ತಾರೆ.

ಆ ಫಿಯಟ್ಟೇ ಈಗ ಅವನ ನಿದ್ದೆ ಕೆಡಿಸಿತ್ತು.

ಬಾಣಾವರದ ಹೊನ್ನಯ್ಯನ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತು ನಟರಾಜ ಸ್ವಂತ ಶೆಡ್ಡು ಹಾಕಿದಾಗ, ಮೊದಲ ಗಿರಾಕಿಯಾಗಿ ಬಂದದ್ದೂ ಅದೇ ಕಾರು. ಎಪ್ಪತ್ತು ದಾಟಿದ ರುಕ್ಮಿಣಮ್ಮ ಇಂದಿಗೂ ಅದನ್ನು ತಾವೇ ಓಡಿಸುತ್ತಾರೆ. ಭಾನುವಾರ ಬಂದರೆ ಹಳೇಬೀಡಿನಲ್ಲಿರುವ ಅಕ್ಕ ದೇವೀರಮ್ಮನವರ ಮನೆಗೆ ಹೋಗಲೇಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ. ಈ ವರ್ಷ ಎಂಜಿನ್ ಹೊಗೆಯುಗುಳಲು ಶುರುಮಾಡಿದಾಗ ನಟರಾಜ ಅದನ್ನು ಪೂರ್ತಿ ಇಳಿಸಿ, ಬಿಚ್ಚಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಮತ್ತೆ ಕಟ್ಟಿದ. ನಡುವೆ ಆಯುಧಪೂಜೆ ಬಂತು. ಬಿಚ್ಚಿ ಹರಡಿದ್ದ ಭಾಗಗಳನ್ನೆಲ್ಲ ಚಲುವಮ್ಮ ಸೀಮೆಎಣ್ಣೆಯಲ್ಲಿ ತೊಳೆಸಿ, ಬೆಂಚಿನ ಮೇಲೆ ಸಾಲಾಗಿ ಇಡಿಸಿ, ಹೂವು ಏರಿಸಿ, ಬೂದುಗುಂಬಳ ಒಡೆಸಿದಳು.

ಕಾರನ್ನು ಒಪ್ಪಿಸುವಾಗ ನಟರಾಜ ನಾಲ್ಕು ಜನರ ಎದುರಿಗೆ ಎದೆ ತಟ್ಟಿ, “ನರ್ಸಮ್ಮ, ಎಂಜಿನ್ನಿನ ಒಳಗೆ ಇನ್ನು ಹತ್ತು ವರ್ಷ ಯಾರೂ ಕೈ ಇಕ್ಕಂಗಿಲ್ಲ,” ಎಂದಿದ್ದ.

ವಾರ ಕಳೆಯಲಿಲ್ಲ. ಅದೇ ರೈಲ್ವೆ ಗೇಟಿನಿಂದ ರುಕ್ಮಿಣಮ್ಮನವರ ಫೋನು.

“ನಟರಾಜ, ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ಗಾಡಿ ಆರಿಹೋಗುತ್ತೆ ಕಣೋ. ಹಿಂದೆ ಬಸ್ಸಿನವನು ಹಾರನ್ನು ಹೊಡೆದು ಹೊಡೆದು ನನ್ನ ಕಿವಿ ಕಿತ್ತುಹಾಕ್ತಾ ಇದ್ದಾನೆ.”

ಕಾರು ಶೆಡ್ಡಿಗೆ ಮರಳಿತು. ನಿಂತಲ್ಲಿ ಅದು ಜ್ವರ ಬಂದವರಂತೆ ನಡುಗುತ್ತಿತ್ತು. ಎರಡು ಸಲ ಕೆಮ್ಮಿ, ಉಸಿರು ಬಿಟ್ಟು, ಆರುತ್ತಿತ್ತು. ನಟರಾಜ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ವೇಗ ಏರಿಸಿದ. ಆಗ ಆರಲಿಲ್ಲ, ಆದರೆ ನಿಂತಲ್ಲೇ ಕೂಗಾಡತೊಡಗಿತು.

ರುಕ್ಮಿಣಮ್ಮ ಕಿವಿ ಮುಚ್ಚಿಕೊಂಡರು. “ಇದು ಚಿಕಿತ್ಸೆಯೇನೋ? ಜ್ವರ ಬಂದವನಿಗೆ ಓಡು ಅಂದ ಹಾಗಾಯ್ತು. ನೋಡು, ಹಾಸನದ ಶಿವಪ್ರಕಾಶ್ ಅಂತ ಒಬ್ಬರು ಹೋಟೆಲಿನವರು ಈ ಕಾರು ಕೊಡಿ ಅಂತ ವರ್ಷದಿಂದ ಕೇಳ್ತಾ ಇದ್ದಾರೆ. ಬಾಗಿಲ ಮುಂದೆ ನಿಲ್ಲಿಸಿ ಹೂವಿನ ಕುಂಡ ಇಡ್ತಾರಂತೆ. ಜನ ಫೋಟೋ ತೆಗೆಸ್ಕೊಳ್ಳೋದಕ್ಕೆ. ಭಾನುವಾರ ಬರ್ತಾರೆ. ಅಷ್ಟರೊಳಗೆ ನಿನ್ನ ಕೈಲಿ ಆದರೆ ಸರಿ, ಇಲ್ಲದಿದ್ದರೆ ಕೊಟ್ಟುಬಿಡ್ತೀನಿ. ಗೇಟಿನಲ್ಲಿ ನಿಂತು ಬೈಸಿಕೊಳ್ಳೋ ವಯಸ್ಸಲ್ಲ ನಂದು.”

ಹೂವಿನ ಕುಂಡದ ಮಾತು ನಟರಾಜನ ಎದೆಗೆ ಮುಳ್ಳಿನಂತೆ ನಾಟಿತು. ತಾನು ಹುಟ್ಟಿದ ಸೀಟಿನ ಮೇಲೆ ಕುಂಡ!

ಅಂದಿನಿಂದ ಅವನಿಗೆ ನಿಂತಲ್ಲಿ ನೆಲೆಯಿಲ್ಲ. ಕಾರ್ಬುರೇಟರನ್ನು ಬಿಚ್ಚಿ ತೊಳೆದ. ಹೊಸ ಗ್ಯಾಸ್ಕೆಟ್ ಹಾಕಿದ. ಪೆಟ್ರೋಲೇ ಕಲಬೆರಕೆಯೆಂದು ಬೇರೆ ಬಂಕಿನಿಂದ ತಂದು ಸುರಿದ. ಎಲ್ಲೋ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಿರಬಹುದೆಂದು ಜೋಡಣೆಗಳ ಸುತ್ತ ಎಣ್ಣೆ ಸವರಿ, ಬಗ್ಗಿ ಕಿವಿಗೊಟ್ಟ. ಸಂದಿಯಿದ್ದರೆ ಎಣ್ಣೆ ಅದನ್ನು ಮುಚ್ಚಿ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಒಂದನ್ನು ಮುಗಿಸುವ ಮೊದಲೇ ಇನ್ನೊಂದಕ್ಕೆ ಕೈಹಾಕುತ್ತಿದ್ದ; ಅದನ್ನು ಅರ್ಧಕ್ಕೆ ಬಿಟ್ಟು ರಸ್ತೆಯವರೆಗೆ ನಡೆದು ಹಿಂತಿರುಗುತ್ತಿದ್ದ.

ಕೊನೆಗೆ ಹಳೆಯ ಜೊತೆಗಾರ, ಬಾಣಾವರದ ರವಿಕುಮಾರನನ್ನು ಕರೆಸಿದ. ಅವನ ಬಳಿ ವ್ಯಾಕ್ಯೂಮ್ ಗೇಜ್ ಇತ್ತು. ಎಂಜಿನ್ ಎಷ್ಟು ಜೋರಾಗಿ ಉಸಿರೆಳೆಯುತ್ತಿದೆ ಎಂಬುದನ್ನು ತೋರಿಸುವ, ಗಡಿಯಾರದಂಥ ಒಂದು ಸಾಧನ. ಅದರ ಕೊಳವೆ ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದರು. ಮುಳ್ಳು ಅರ್ಧ ದಾರಿಗೇ ಏರಿ ನಿಂತಿತು.

“ನೋಡ್ಲಾ,” ಎಂದ ರವಿಕುಮಾರ. “ವಾಲ್ವು ಸುಟ್ಟಿದ್ರೆ ಮುಳ್ಳು ಕುಣೀತಿತ್ತು. ಇದು ಕುಣೀತಾ ಇಲ್ಲ, ತಗ್ಗಲ್ಲೇ ತೆಪ್ಪಗೆ ಮಲಗೈತೆ. ಟೈಮಿಂಗ್ ಚೈನು ಒಂದು ಹಲ್ಲು ಆಚೀಚೆ ಕೂತೈತೇನೋ.”

ನಟರಾಜನಿಗೆ ನೆತ್ತಿಗೇರಿತು. “ಆ ಚೈನು ಕೂರಿಸಿರೋನು ನಾನು ಕಣಯ್ಯ! ಗುರುತಿಗೆ ಗುರುತು ಸೇರಿಸಿ ಕೂರಿಸಿವ್ನಿ.”

“ಅದಕ್ಕೇ ಹೇಳ್ದೆ. ಬೇರೆಯೋರು ಕೂರಿಸಿದ್ರೆ ನೀನು ಮೊದಲ್ನೇ ದಿನಾನೇ ಬಿಚ್ತಿದ್ದೆ.”

ನಟರಾಜ ಸ್ಪ್ಯಾನರನ್ನು ಬೆಂಚಿನ ಮೇಲೆ ಎಸೆದ ಸದ್ದಿಗೆ ಪಕ್ಕದ ಗೋದಾಮಿನಲ್ಲಿ ಕೊಬ್ಬರಿ ಆರಿಸುತ್ತಿದ್ದ ಹೆಂಗಸರು ಇಣುಕಿ ನೋಡಿದರು.

ಮರುದಿನ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತನ್ನು ತುಸು ಮುಂದಕ್ಕೆ ತಿರುಗಿಸಿದ. ನಿಂತಲ್ಲಿ ಎಂಜಿನ್ ಸ್ವಲ್ಪ ಸುಧಾರಿಸಿದಂತೆ ಕಂಡಿತು. ಹಿಗ್ಗಿ ರಸ್ತೆಗೆ ತೆಗೆದ. ಹಾರನಹಳ್ಳಿಯ ಕಡೆಯ ಮೊದಲ ದಿಬ್ಬದಲ್ಲೇ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು ಬಂತು. ಹಾಲಿನ ಕ್ಯಾನು ಕಟ್ಟಿದ್ದ ಮೊಪೆಡ್ಡೊಂದು ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಹಿಂತಿರುಗಿ ಬಂದು ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಅಳೆದ. ನಾಲ್ಕೂ ಕಡಮೆ, ನಾಲ್ಕೂ ಒಂದೇ ಸಮ.

ಒಂದು ಮನೆಗೆ ಕನ್ನ ಬಿದ್ದಿದ್ದರೆ ಆ ಮನೆಯ ಬಾಗಿಲು ನೋಡಬಹುದು. ಬೀದಿಯ ನಾಲ್ಕು ಮನೆಗೂ ಒಂದೇ ಅಳತೆಯಲ್ಲಿ ಬಿದ್ದರೆ ಕಾವಲುಗಾರನನ್ನೇ ಹಿಡಿದು ಕೇಳಬೇಕು. ಎಲ್ಲ ವಾಲ್ವುಗಳೂ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಕಾಯುವುದು ಟೈಮಿಂಗ್ ಚೈನು. ಅದನ್ನು ಕೂರಿಸಿದವನು ತಾನು. ಬಿಚ್ಚಬೇಕೆಂದು ಬುದ್ಧಿಗೆ ಗೊತ್ತಿತ್ತು, ಕೈ ಒಪ್ಪುತ್ತಿರಲಿಲ್ಲ. ಒಳಗೆ ಕೈ ಇಡುವಂತಿಲ್ಲ ಎಂದು ಎದೆ ತಟ್ಟಿ ಹೇಳಿದ ಬಾಯಿ ತನ್ನದೇ. ಚೈನಿನವರೆಗೆ ಹೋಗಲು ರೇಡಿಯೇಟರ್ ಇಳಿಸಿದರೆ ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ.

ಶನಿವಾರ ಬೆಳಿಗ್ಗೆ ಶಿವಪ್ರಕಾಶರ ಫೋನು ಬಂತು. “ನಾಳೆ ಟ್ರಕ್ಕು ತರ್ತಾ ಇದ್ದೀವಿ. ಕಾರು ಚಾಲೂ ಇಲ್ಲದೇ ಇದ್ರೂ ಪರವಾಗಿಲ್ಲ. ನಾವೇನು ಓಡಿಸೋದಿಲ್ಲವಲ್ಲ!”

ಫೋನಿಟ್ಟವನೇ ನಟರಾಜ ರೇಡಿಯೇಟರಿನ ನೀರು ಬಿಟ್ಟ. ಯಾರು ನೋಡುತ್ತಾರೆಂದು ತಿರುಗಿಯೂ ನೋಡಲಿಲ್ಲ.

ಮುಂದಿನ ಮುಚ್ಚಳ ತೆಗೆದಾಗ ಹೊತ್ತು ನೆತ್ತಿಯ ಮೇಲಿತ್ತು. ದೊಡ್ಡದೊಂದು ಹಲ್ಲುಚಕ್ರ, ಚಿಕ್ಕದೊಂದು ಹಲ್ಲುಚಕ್ರ, ನಡುವೆ ಚೈನು. ಬಿಚ್ಚುವ ಮುನ್ನ, ಮತ್ತೆ ಸೇರಿಸಬೇಕಾದ ಹಲ್ಲುಗಳಿಗೆ ಗುರುತಾಗಿ ಕೆಂಪು ಬಣ್ಣ ತಾಗಿಸುವುದು ಅವನ ಪದ್ಧತಿ. ಚಿಕ್ಕ ಚಕ್ರವನ್ನು ಅಂದು ಕಳಚಿರಲಿಲ್ಲ; ಅದರ ಬಣ್ಣ ಇದ್ದಂತೆಯೇ ಇತ್ತು. ದೊಡ್ಡದರ ಮೇಲೆ ಬಣ್ಣವೇ ಇಲ್ಲ! ಚಕ್ರ ಕಳಚಿ, ಬಟ್ಟೆಯಿಂದ ಉಜ್ಜಿ, ಬಿಸಿಲಿಗೆ ಹಿಡಿದ. ಚೈನು ಕೂರಿಸುವ ಗುರುತಿಗೆಂದು ಕಂಪನಿಯವರು ಚುಚ್ಚಿದ್ದ ಸಣ್ಣ ಗುಳಿ ಜಿಡ್ಡಿನಡಿಯಿಂದ ಮೇಲೆದ್ದಿತು. ಅವನು ಚೈನು ಕೂರಿಸಿದ್ದ ಹಲ್ಲಿಗೂ ಅದಕ್ಕೂ ಒಂದು ಹಲ್ಲಿನ ಅಂತರ.

ಹಾಗಾದರೆ ಅಂದು ತಾನು ನೋಡಿದ ಕೆಂಪು ಗುರುತು ಯಾವುದು?

ಅಷ್ಟರಲ್ಲಿ ಚಲುವಮ್ಮ ಮುದ್ದೆಯ ಬುತ್ತಿ ಹೊತ್ತು ಬಂದಳು. ಮಗನ ಕೈಯಲ್ಲಿದ್ದ ಚಕ್ರ ನೋಡಿ ಬುತ್ತಿಯನ್ನು ಬೆಂಚಿನ ಮೇಲೆ ಕುಕ್ಕಿದಳು.

“ಅಯ್ಯೋ ಶಿವನೇ, ನಾನಿಟ್ಟ ಬೊಟ್ಟೆಲ್ಲ ಅಳಿಸೋಗೈತಲ್ಲೋ! ಅದಕ್ಕೇ ಕಣ್ಲಾ ಗಾಡಿ ಮುನಿಸ್ಕಂಡಿರೋದು. ಪೂಜೆ ಕುಂಕುಮ ಒರೆಸ್ಬ್ಯಾಡ, ತಾನಾಗೇ ಹೋಗ್ಲಿ ಅಂತ ಬಡ್ಕಂಡೆ.”

“ನಾನು ಒರೆಸ್ಲಿಲ್ಲ ಕಣವ್ವ, ಎಂಜಿನ್ ಎಣ್ಣೆಗೆ ತೊಳ್ದೋಗೈತೆ,” ಎಂದ ನಟರಾಜ. “ಎಲ್ಲಿಟ್ಟಿದ್ದೆ ಬೊಟ್ಟನ್ನ?”

ಚಲುವಮ್ಮ ಬೋಲ್ಟಿನ ತೂತೊಂದನ್ನು ತೋರಿಸಿದಳು. “ಈ ತೂತು ಬಾಯಿದ್ದಂಗೆ ಐತಲ್ಲ, ಅದರ ನೆಟ್ಟಗೆ ಮ್ಯಾಲಕ್ಕೆ. ಇಲ್ಲಿ. ಹಣೆಗಲ್ದೆ ಇನ್ನೆಲ್ಲಿಗ್ಲಾ ಬೊಟ್ಟಿಡ್ತಾರೆ?”

ಅವಳ ಬೆರಳು ನಿಂತದ್ದು, ಅವನು ಚೈನು ಕೂರಿಸಿದ್ದ ಹಲ್ಲಿನ ಮೇಲೆಯೇ. ಪೂಜೆಗೆಂದು ಸೀಮೆಎಣ್ಣೆಯಲ್ಲಿ ತೊಳೆದಾಗ ಅವನ ಹಸಿಬಣ್ಣ ಹೋಗಿತ್ತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ ಪಕ್ಕದ ಹಲ್ಲಿನ ಮೇಲೆ ಮೆತ್ತಿಕೊಂಡಿತ್ತು. ಹಬ್ಬ ಕಳೆದ ಅವಸರದಲ್ಲಿ ಅವನು ಗುಳಿಯನ್ನು ತಡವಿ ನೋಡದೆ, ಕೆಂಪು ಕಂಡ ಕಡೆ ಚೈನು ಏರಿಸಿದ್ದ.

ಒಂದು ಕ್ಷಣ ಕೂಗಿಬಿಡೋಣವೆನಿಸಿತು. ಅವ್ವನ ಮುಖ ನೋಡಿದ. ಸಿಟ್ಟು ಬಂದ ದಾರಿಯಲ್ಲೇ ಇಳಿಯಿತು.

“ನೀನು ಇಟ್ಟಿದ್ದು ಸರ್ಯಾಗೇ ಐತೆ ಕಣವ್ವ. ನಾನೇ ಅದನ್ನ ನನ್ನ ಗುರುತು ಅಂದ್ಕಂಡೆ.”

“ದ್ಯಾವ್ರಿಗೆ ಇಟ್ಟಿದ್ದನ್ನ ನಿಂದು ಅಂತ ಯಾಕ್ಲಾ ಅಂದ್ಕಂಡೆ?” ಎಂದಳು ಚಲುವಮ್ಮ. “ಮೊದ್ಲು ಉಣ್ಣು.”

ಅವನು ಉಣ್ಣಲಿಲ್ಲ. ಗುಳಿಗೆ ಗುಳಿ ಸೇರಿಸಿ, ಬೆರಳಿನಿಂದ ತಡವಿ, ಕಣ್ಣಿನಿಂದ ನೋಡಿ, ಮತ್ತೆ ತಡವಿ ಚೈನು ಏರಿಸಿದ. ಎಲ್ಲವನ್ನೂ ಮುಚ್ಚಿ, ರವಿಕುಮಾರ ಬಿಟ್ಟುಹೋಗಿದ್ದ ಗೇಜ್ ಸಿಕ್ಕಿಸಿ ಕೀ ತಿರುಗಿಸಿದಾಗ ಬಿಸಿಲು ಬಾಗಿತ್ತು. ಮುಳ್ಳು ಏರಿತು. ತಗ್ಗು ದಾಟಿತು. ಇನ್ನೂ ಏರಿ ನಿಂತಿತು. ಬುತ್ತಿಯ ಮುಚ್ಚಳ ತಂದು ಬಾನೆಟ್ಟಿನ ಅಂಚಿನಲ್ಲಿಟ್ಟು ನೋಡಿದ; ಅದು ಅಲುಗಲಿಲ್ಲ.

ಕಾರು ಸರಿಯಾದ ಸುದ್ದಿ ತಿಳಿದು ಭಾನುವಾರ ಬಂದ ರುಕ್ಮಿಣಮ್ಮ ಚಾಲಕಿಯ ಸೀಟಿನಲ್ಲಿ ಕುಳಿತು ಚಲುವಮ್ಮನನ್ನು ಹಿಂದೆ, ನಟರಾಜನನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಏನಾಗಿತ್ತೋ?”

“ತಪ್ಪು ನಂದೇ, ನರ್ಸಮ್ಮ. ಚೈನು ಒಂದು ಹಲ್ಲು ತಪ್ಪಿಸಿ ಕೂರಿಸಿದ್ದೆ,” ಎಂದ. ಕುಂಕುಮದ ಮಾತೆತ್ತಲಿಲ್ಲ. ಹಿಂದಿನ ಸೀಟಿನಿಂದ ಚಲುವಮ್ಮನೇ ಬಾಯಿ ಹಾಕಿದಳು: “ನನ್ನ ಬೊಟ್ಟು ನೋಡಿ ಮೋಸ ಹೋದ ಕಣ್ರವ್ವ, ನಿಮ್ಮ ಮೆಕ್ಯಾನಿಕ್ಕು.”

ರುಕ್ಮಿಣಮ್ಮ ಗೇಟಿನವರೆಗೂ ನಕ್ಕರು. ಗೇಟು ಹಾಕಿತ್ತು. ಗೂಡ್ಸು ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವಂತೆಯೇ ಕಾಣಲಿಲ್ಲ. ರುಕ್ಮಿಣಮ್ಮ ಆಕ್ಸಿಲರೇಟರಿನಿಂದ ಕಾಲು ತೆಗೆದರು. ನಟರಾಜನ ಕೈ ಬಾಗಿಲಿನ ಹಿಡಿಗೆ ಹೋಯಿತು. ಇಳಿದು ಬಾನೆಟ್ ಎತ್ತಿ ನೋಡಬೇಕು, ಒಂದು ಸಲ, ಒಂದೇ ಸಲ.

“ಸುಮ್ನೆ ಕೂತ್ಕೊಳೋ,” ಎಂದರು ರುಕ್ಮಿಣಮ್ಮ. “ಶಿವಪ್ರಕಾಶ್ ಅವರಿಗೆ ಬೆಳಿಗ್ಗೆಯೇ ಫೋನು ಮಾಡಿದ್ದೀನಿ, ಕುಂಡಕ್ಕೆ ಬೇರೆ ಜಾಗ ನೋಡ್ಕೊಳ್ಳಿ ಅಂತ.”

ಎಂಜಿನ್ ಗುರುಗುರು ಎನ್ನುತ್ತಲೇ ಇತ್ತು. ನಟರಾಜ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ಆದರೆ ಇಳಿಯಲೂ ಇಲ್ಲ.