ಪಂಚಮಿ ದಿನದ ಲಾಗಿನ್

ಆ ಕಚೇರಿಗೆ ನಾನು ಹೋದದ್ದೇ ತಪ್ಪು ಹುಡುಕಲಿಕ್ಕೆ. ನನ್ನ ಉದ್ಯೋಗ ಅದು. ಸರ್ಕಾರದ ಇಲಾಖೆಗಳು ಈಗ ತಮ್ಮ ಕಾಗದಪತ್ರಗಳನ್ನು ಖಾಸಗಿ ಕಂಪನಿಗಳ ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ಇರುವ ಬೇರೆಯವರ ಕಂಪ್ಯೂಟರುಗಳಲ್ಲಿ ಇಡುತ್ತವೆ. ಇಟ್ಟದ್ದು ಭದ್ರವಾಗಿದೆಯೇ, ಕೀಲಿ ಯಾರ ಕೈಯಲ್ಲಿದೆ, ಯಾರು ಯಾವಾಗ ಬಾಗಿಲು ತೆರೆದರು ಎಂದು ನೋಡಿ, ನಿಯಮದ ಪಟ್ಟಿಗೆ ಹೋಲಿಸಿ ವರದಿ ಬರೆಯಬೇಕು. ಮೂಗು ತೂರಿಸುವ ಚಟಕ್ಕೆ ಸಂಬಳ ಬೇರೆ ಕೊಡುತ್ತಾರೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾನೆ.

ಕಂಪನಿಯ ಶಾಖೆ ಇದ್ದದ್ದು ಗದಗದಲ್ಲಿ, ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಸಿಂಗಟಾಲೂರು ಕಡೆಯ ನೀರಾವರಿ ರೈತರ ಜಮೀನಿನ ವಿವರಗಳೆಲ್ಲ ಇವರ ಕ್ಲೌಡ್‌ನಲ್ಲಿದ್ದವು. ಅವುಗಳನ್ನು ಏರಿಸುವ, ಯಾರು ನೋಡಬಹುದು ಯಾರು ನೋಡಬಾರದು ಎಂದು ಹೊಂದಿಸುವ ಕೆಲಸಕ್ಕೆ ನಾಲ್ಕು ಹೆಣ್ಣುಮಕ್ಕಳು, ಎಲ್ಲರೂ ಗುತ್ತಿಗೆಯವರು. ನಾನು ಶಿರಹಟ್ಟಿಯವಳು. ಬಾಯಿ ತೆರೆದ ಕೂಡಲೇ ಅವರಿಗೆ ಅದು ಗೊತ್ತಾಯಿತು. "ಅಯ್, ನಮ್ಮ ಕಡೆಯಾರ ಅದಾರಲೇ! ಕುಂಡ್ರಿ ಅಕ್ಕಾರ," ಎಂದು ಅವರಲ್ಲಿ ಅಸುಂಡಿ ಊರಿನವಳು ಕುರ್ಚಿ ಎಳೆದಳು. ತಪಾಸಣೆಗೆ ಬಂದವರನ್ನು ಕಂಡು ಇಷ್ಟು ಖುಷಿಪಟ್ಟವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬೆಳಿಗ್ಗೆ ಲಾಗ್ ತೆರೆದೆ. ಯಾರ ಲಾಗಿನ್ನಿನಿಂದ ಏನೇನು ಕೆಲಸವಾಯಿತು ಎಂದು ಕಂಪ್ಯೂಟರು ತಾನೇ ಬರೆದಿಡುವ ಪಟ್ಟಿ ಅದು. ಒಬ್ಬರಿಗೆ ಒಂದೇ ಲಾಗಿನ್, ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ; ನಮ್ಮ ನಿಯಮಗಳಲ್ಲಿ ಮೊದಲನೆಯದೇ ಇದು. ನಾಗರ ಪಂಚಮಿಯ ದಿನ ಮಧ್ಯಾಹ್ನ, ಆ ನಾಲ್ವರಲ್ಲಿ ಲಕ್ಷ್ಮೇಶ್ವರದವಳ ಲಾಗಿನ್ನಿನಿಂದ ರೈತರ ವಿವರವಿದ್ದ ಒಂದು ಫೋಲ್ಡರ್ ಎಲ್ಲರಿಗೂ ಕಾಣುವಂತೆ ತೆರೆದುಕೊಂಡಿತ್ತು. ಎರಡು ಗಂಟೆ ಹಾಗೇ ಬಿದ್ದಿದ್ದು ಆಮೇಲೆ ಮುಚ್ಚಿತ್ತು. ಕೈತಪ್ಪಿನಿಂದಲೇ ಆದದ್ದು, ಅದು ಸ್ಪಷ್ಟವಿತ್ತು. ಆದರೆ ಅಷ್ಟರಲ್ಲಿ ಹೊರಗಿನವರು ಯಾರಾದರೂ ನೋಡಿದರೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದರು. ತಪಾಸಣೆಗೆ ಹೋದಲ್ಲಿ ಊಟ ಮಾಡಬಾರದೆಂಬ ನಿಯಮ ನಮಗೂ ಇದೆ. ಎಣ್ಣೆಗಾಯಿಯ ವಾಸನೆಗೆ ಅದು ನಿಲ್ಲಲಿಲ್ಲ. ರೊಟ್ಟಿ ಮುರಿಯುತ್ತಿರುವಾಗ ಲಕ್ಷ್ಮೇಶ್ವರದವಳು ಫೋನಿನಲ್ಲಿ ತನ್ನ ಕೂಸಿನ ಫೋಟೋ ತೋರಿಸಿದಳು. ಎಷ್ಟು ತಿಂಗಳೆಂದು ಕೇಳಿದೆ.

"ಮೊನ್ನೆ ಮೂರು ತುಂಬಿದುವ್ರಿ ಅಕ್ಕಾರ. ಪಂಚಮಿ ದಿನ ಹುಟ್ಟೈತಿ, ಮಧ್ಯಾಹ್ನ ಎರಡಕ್ಕ, ಇಲ್ಲೇ ಗದಗಿನ ದವಾಖಾನ್ಯಾಗ. ಊರ ಮಂದಿ ಜೋಕಾಲಿ ಆಡಾಕತ್ತಿದ್ರ ನಾ ಬ್ಯಾನಿ ತಿನ್ನಾಕತ್ತಿದ್ದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಲಾಗ್‌ನಲ್ಲಿ ಕಂಡ ದಿನ, ಹೊತ್ತು ನೆನಪಾಗಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಅಸುಂಡಿಯವಳೊಬ್ಬಳೇ ತಲೆ ತಗ್ಗಿಸಿ, ಆಗಲೇ ಒರೆಸಿದ್ದ ಡಬ್ಬಿಯನ್ನು ಮತ್ತೆ ಒರೆಸುತ್ತಿದ್ದಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಲಕ್ಷ್ಮೇಶ್ವರದವಳು ಈ ಮಾತು ಹೇಳಿದ್ದು ಜೊತೆಗೆ ಕೂತು ಉಣ್ಣುತ್ತಿದ್ದ ಅಕ್ಕನಿಗೆ, ವರದಿ ಬರೆಯುವವಳಿಗಲ್ಲ.

ಊಟವಾದ ಮೇಲೆ ಕೂಸಿನ ತಾಯಿಯನ್ನು ಒಳಗಿನ ಕೋಣೆಗೆ ಕರೆದೆ. ಪಂಚಮಿ ದಿನ ಆ ಫೋಲ್ಡರ್ ತೆರೆದವರು ಯಾರು ಎಂದು ಕೇಳಿದೆ.

"ನಾನ ರೀ."

"ಹಡಿಯಾಕತ್ತಿದಾಕಿ ಫೋಲ್ಡರ್ ತಗದ್ಯಾ?" ಸಿಟ್ಟಿನಲ್ಲಿ ನನ್ನ ಕಚೇರಿ ಭಾಷೆ ಹಾರಿಹೋಗಿತ್ತು.

ಬಾಗಿಲು ಮುಂದೆ ಮಾಡಿ ಬಂದು ಹೇಳಿದಳು. "ರಜಾ ಕೇಳಿದ್ರ ಗುತ್ತಿಗಿದಾರ ಆ ಕುರ್ಚಿಗೆ ಬ್ಯಾರೇದಾರ್ನ ಕುಂಡ್ರಸ್ತಾನ್ರಿ. ಅಂವಾ ಹುಬ್ಬಳ್ಳ್ಯಾಗ ಇರ್ತಾನ, ನನ್ನ ಹೊಟ್ಟಿ ಎಲ್ಲಿ ನೋಡ್ಯಾನ? ಅವಂಗ ಕಾಣೂದು ಲಾಗಿನ್ ಅಷ್ಟ. ಅದಕ್ಕ ನಾವು ನಾಕೂ ಮಂದಿ ಮುಯ್ಯಾಳ ಮಾಡ್ಕೊಂಡೀವ್ರಿ."

ಮುಯ್ಯಾಳು ನನಗೆ ಹೊಸದಲ್ಲ. ಇವತ್ತು ನನ್ನ ಹೊಲದ ಕಳೆಗೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ. ನನ್ನವ್ವ ಶೇಂಗಾ ಹೊಲದಲ್ಲಿ ಹಾಗೇ ದುಡಿದವಳು. ಮುಯ್ಯಿಗೆ ಬಂದವಳ ಕಳೆ ಕುರ್ಪಿ ತಾಗಿ ನಾಲ್ಕು ಬಳ್ಳಿ ಹೋದರೂ ಹೊಲದವಳು ತುಟಿ ಬಿಚ್ಚುತ್ತಿರಲಿಲ್ಲ. ಬಂದದ್ದೇ ದೊಡ್ಡದು. ಆ ಮರ್ಯಾದೆಯನ್ನು ಇವರು ಹೊಲದಿಂದ ಎತ್ತಿ ತಂದು, ಒಂದಿಷ್ಟೂ ಕತ್ತರಿಸದೆ, ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಮದುವೆಗೆ, ಬಿತ್ತನೆಗೆ ಇವಳು ಉಳಿದವರ ಲಾಗಿನ್ನಿನಲ್ಲಿ ಕೂತಿದ್ದಳು. ಇವಳ ಹೆರಿಗೆಗೆ ಅವರು ಇವಳ ಲಾಗಿನ್ನಿನಲ್ಲಿ ಕೂತಿದ್ದರು.

"ಹೊಲದಾಗ ಹೋದ ಬಳ್ಳಿ ನಿನ್ನದು," ಎಂದೆ. "ಇಲ್ಲಿ ತೆರೆದಿದ್ದು ರೈತರ ಸಾಮಾನು. ಯಳವತ್ತಿಯವನೋ ಸಿಂಗಟಾಲೂರಿನವನೋ, ಅಂವಾ ಯಾವ ಮುಯ್ಯಿಗೂ ಒಪ್ಪಿಲ್ಲ. ಮತ್ತ ನೀ ಅಲ್ಲಿ ಇರಲಿಲ್ಲ ಅನ್ನಾಕ ನಿನಗ ಇದ್ದ ಸಾಕ್ಷಿ ಆ ಲಾಗಿನ್ ಒಂದ. ಅದನ್ನ ಕೈಯಾರೆ ಕೊಟ್ಟೀದಿ. ಯಾರು ಕುಂತಿದ್ರು, ಹೇಳು."

"ಆಕಿ ಪಂಚಮಿ ಬಿಟ್ಟು ನನ್ನ ಸಲುವಾಗಿ ಬಂದಿದ್ಲ್ರಿ. ಹೆಸರು ಹೆಂಗ ಹೇಳ್ಲಿ? ನಂದ ಬರ್ಕೋರಿ."

ಮತ್ತೆ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಬಿಟ್ಟುಬಿಡಬಹುದಿತ್ತೇ ಎಂದು ಶಿರಹಟ್ಟಿಯ ಬಸ್ಸಿನಲ್ಲಿ ಕೂತು ಯೋಚಿಸಿದೆ. ಬಿಟ್ಟರೆ ಆ ರೈತರಿಗೆ ವಿಷಯವೇ ತಿಳಿಯುವುದಿಲ್ಲ. ಬರೆದೆ. ಯಾರ ಹೆಸರನ್ನೂ ಹಾಕದೆ, "ಒಂದು ಲಾಗಿನ್ ಅನೇಕರಿಂದ ಬಳಕೆ, ಕಾರಣ, ಸಿಬ್ಬಂದಿಗೆ ರಜೆಯ ವ್ಯವಸ್ಥೆ ಇಲ್ಲ" ಎಂದು ತಪ್ಪನ್ನು ಕಂಪನಿಯ ತಲೆಗೆ ಕಟ್ಟಿದೆ. ಜಾಣೆ ಅಂದುಕೊಂಡೆ ನನ್ನನ್ನು ನಾನೇ. ಆದರೆ ಪುರಾವೆಯೆಂದು ಲಾಗಿನ್ನಿನ ಸಂಖ್ಯೆ ಲಗತ್ತಿಸಲೇಬೇಕಿತ್ತು. ಆ ಸಂಖ್ಯೆ ಯಾರದೆಂದು ಕಂಪನಿಗೆ ಗೊತ್ತಿಲ್ಲವೇ?

ಉತ್ತರ ಬಂತು. ರೈತರಿಗೆ ವಿಷಯ ತಿಳಿಸಲಾಗಿದೆ, ಸಂಬಂಧಪಟ್ಟ ಸಿಬ್ಬಂದಿಯನ್ನು ತೆಗೆದುಹಾಕಲಾಗಿದೆ, ಲಾಗಿನ್ ಅಳಿಸಲಾಗಿದೆ, ದೋಷ ನಿವಾರಣೆಯಾಯಿತೆಂದು ದಾಖಲಿಸಬೇಕು. ಓದಿ ಮೈಯೆಲ್ಲ ಉರಿಯಿತು. ರಜೆಯ ವ್ಯವಸ್ಥೆಯಾಗದೆ ಈ ಕಡತ ಮುಚ್ಚುವುದಿಲ್ಲವೆಂದು ಹಟ ಹಿಡಿದು ಪತ್ರದ ಮೇಲೆ ಪತ್ರ ಬರೆದೆ. ನನ್ನ ಸಹಿಯಿಲ್ಲದೆ ಅವರಿಗೆ ಇಲಾಖೆಯ ಗುತ್ತಿಗೆ ಮುಂದುವರಿಯುವಂತಿರಲಿಲ್ಲ. ಕೊನೆಗೆ ಬಗ್ಗಿದರು. ರಜೆಯ ಬದಲಿಗೆಂದೇ ಒಬ್ಬ ಹೆಚ್ಚಿನ ಸಿಬ್ಬಂದಿ, ಹೆರಿಗೆ ರಜೆ ಲಿಖಿತದಲ್ಲಿ. ಹಾಗಾದರೆ ಆ ಹೊಸ ಜಾಗಕ್ಕೆ ಅವಳನ್ನೇ ತೆಗೆದುಕೊಳ್ಳಿ ಎಂದು ಕೇಳಿದೆ. ಲಾಗಿನ್ ಹಂಚಿಕೊಂಡವರಿಗೆ ಮತ್ತೆ ಪ್ರವೇಶ ಕೊಡಬಾರದೆಂದು ನಿಮ್ಮ ಪಟ್ಟಿಯಲ್ಲೇ ಇದೆಯಲ್ಲ ಮೇಡಂ, ಎಂದರು. ಇತ್ತು. "ನಿವಾರಣೆಯಾಗಿದೆ" ಎಂದು ಸಹಿ ಹಾಕಿದೆ. ಆ ಸಹಿಯ ಬಗ್ಗೆ ಇಂದಿಗೂ ನಾಚಿಕೆಯಾಗುತ್ತದೆ.

ಆಮೇಲೆ ಅವಳಿಗೆ ಫೋನ್ ಮಾಡಿದೆ. ಇದನ್ನು ಇನ್ನೊಬ್ಬರ ಬಾಯಿಂದ ಅವಳು ಕೇಳಬಾರದಿತ್ತು. ನಾನು ಬರೆದದ್ದು, ಅವರು ಮಾಡಿದ್ದು, ಹೊಸ ಜಾಗ, ಅದು ಅವಳಿಗೆ ಸಿಗದ ಕಾರಣ, ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ.

"ಅಂದ್ರ ಇನ್ನ ಮುಂದ ಅಲ್ಲಿ ಯಾರರ ಹಡದ್ರ ರಜಾ ಸಿಗತೈತೇನ್ರಿ? ಖರೇನ?"

"ಸಿಗತೈತವ್ವಾ. ಕಾಗದದ ಮ್ಯಾಲೆ ಬರಿಸೀನಿ."

"ಚಲೋ ಆತು ಬಿಡ್ರಿ ಅಕ್ಕಾರ," ಎಂದಳು. "ಅಸುಂಡಿಯಾಕಿಗೆ ಈಗ ಐದು ತಿಂಗಳು."